ಭರಣಿ ಉಳಿಯಿತು, ಗಡಿಗೆ ಒಡೆಯಿತು

ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯಕ್ಕೆ ಹೋದವರು ಮುಸುಕು ಹೊದ್ದ ರೆಬೆಕ್ಕಳ ಅಮೃತಶಿಲೆಯ ಮೂರ್ತಿಯನ್ನು ನೋಡುತ್ತಾರೆ, ಗಂಟೆ ಬಾರಿಸಲು ಪುಟ್ಟ ಗೊಂಬೆ ಹೊರಬರುವ ಗಡಿಯಾರದ ಮುಂದೆ ಕಾಯುತ್ತಾರೆ. ಪಿಂಗಾಣಿ ಕೋಣೆಗಳಲ್ಲಿ ಅಷ್ಟು ಹೊತ್ತು ನಿಲ್ಲುವವರು ಕಡಿಮೆ. ಫ್ರಾನ್ಸಿನ ಸೆವ್ರ್, ಜರ್ಮನಿಯ ಡ್ರೆಸ್ಡನ್, ಇಂಗ್ಲೆಂಡಿನ ವೆಜ್‌ವುಡ್ ಎಲ್ಲ ಅಲ್ಲಿವೆ. ವಿಷ ಬೆರೆತ ಊಟ ಬಡಿಸಿದರೆ ಬಣ್ಣ ಬದಲಿಸುತ್ತದೆ ಎಂದು ಅರಸರು ನಂಬಿಕೊಂಡಿದ್ದ ಚೀನದ ಹಸಿರು ಸೆಲಡಾನ್ ತಟ್ಟೆಗಳೂ ಇವೆ. ಕೊಪ್ಪಳದವರು ಮಾತ್ರ ಆ ಕೋಣೆಗಳಲ್ಲಿ ಒಂದಿಷ್ಟು ನಿಲ್ಲಬೇಕು. ನಿಜಾಮರ ಆಳ್ವಿಕೆಯಲ್ಲಿ ಕೊಪ್ಪಳವು ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. ಈ ಸಂಗ್ರಹದ ಬಹುಪಾಲನ್ನು ಕೂಡಿಸಿದ ಮೂರನೆಯ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನ್ 1949ರಲ್ಲಿ ತೀರಿಕೊಂಡರು. 1951ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ಜಹಗೀರುಗಳ ಉತ್ಪನ್ನವೇ ಆ ಮನೆತನದ ಸಿರಿ. ಅಂದರೆ ಕೊಪ್ಪಳದ ಹೊಲಗಳಲ್ಲಿ ಬೆಳೆದ ಜೋಳದ ಒಂದು ಪಾಲು ಯುರೋಪಿನ ಹೂದಾನಿಗಳಾಗಿ ಮೂಸಿ ನದಿಯ ದಂಡೆ ಸೇರಿದೆ. ಆ ಜೋಳವನ್ನು ತುಂಬಿಟ್ಟಿದ್ದ ಮಣ್ಣಿನ ವಾಡೇವುಗಳು ಏನಾದವು ಎಂದು ಕೇಳಿದರೆ ಉತ್ತರ ಸುಲಭ: ಒಡೆದವು, ಮಣ್ಣಾದವು. ಅವುಗಳನ್ನು ಯಾರೂ ಎತ್ತಿಡಲಿಲ್ಲ, ಎತ್ತಿಡಬೇಕೆಂದು ಯಾರಿಗೂ ಅನಿಸಿರಲೂ ಇಲ್ಲ. ಈಗ ಅನಿಸಬೇಕು ಎಂಬುದು ಈ ಲೇಖನದ ವಾದ. ಆದರೆ ಹಳೆ ಸಾಮಾನಿನ ಅಂಗಡಿಯವರು ಹೇಳುವ ಕಾರಣಕ್ಕಲ್ಲ, ಅವರು ಹೇಳುವ ಬಗೆಯಲ್ಲೂ ಅಲ್ಲ.

ಅಡುಗೆಮನೆಯ ಅಗ್ಗದ ಮಣ್ಣಿನ ಸಾಮಾನು ಸಂಗ್ರಾಹಕರ ಕೈಗೆ ಬಂದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಕುಕೀ ಜಾಡಿ ಒಳ್ಳೆಯ ಉದಾಹರಣೆ. ಬಿಸ್ಕತ್ತು ಮೆತ್ತಗಾಗದಂತೆ ಮುಚ್ಚಿಡುವ ಈ ಜಾಡಿಗಳು 1930ರ ದಶಕದ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಮನೆಮನೆ ಹೊಕ್ಕವು. ಒಳ್ಳೆಯ ಜೇಡಿಯೂ ಒಲೆಗೆ ಬೇಕಾದ ಉರುವಲೂ ಸಿಗುತ್ತಿದ್ದ ಒಹಾಯೊ ರಾಜ್ಯದ ಝೇನ್ಸ್‌ವಿಲ್, ರೋಸ್‌ವಿಲ್, ಕ್ರೂಕ್ಸ್‌ವಿಲ್ ಊರುಗಳಲ್ಲಿ ಮೆಕಾಯ್, ಹಲ್, ಶಾನೀ ಮುಂತಾದ ಕಾರ್ಖಾನೆಗಳು ಹಂದಿ, ಕರಡಿ, ಕೋಡಂಗಿಯ ಆಕಾರದಲ್ಲಿ ಅವನ್ನು ಅಚ್ಚು ಹೊಯ್ದು ಕೆಲವೇ ಡಾಲರಿಗೆ ಮಾರಿದವು. ಶಾನೀ 1937ರಲ್ಲಿ ಶುರುವಾಗಿ 1961ರಲ್ಲಿ ಮುಚ್ಚಿತು; ಮೆಕಾಯ್ 1990ರಲ್ಲಿ ಬಾಗಿಲು ಹಾಕಿತು. ಕಾರ್ಖಾನೆಗಳ ಒಲೆಗಳು ಒಂದೊಂದಾಗಿ ಆರುತ್ತಿದ್ದ ಹೊತ್ತಿಗೆ ಜಾಡಿಗೆ ಬೆಲೆ ಬಂತು. ಚಿತ್ರ ಕಲಾವಿದ ಆಂಡಿ ವಾರ್‌ಹೋಲ್ ಹಳೆ ಸಾಮಾನಿನ ಸಂತೆಗಳಿಂದ ಇಂಥವನ್ನು ತಂದು ಗುಡ್ಡೆ ಹಾಕಿಕೊಂಡಿದ್ದ. ಅವನು ಸತ್ತ ಮರುವರ್ಷ, 1988ರಲ್ಲಿ, ಸದಬೀಸ್ ಹರಾಜಿನಲ್ಲಿ ಅವನ ಸುಮಾರು 175 ಜಾಡಿಗಳು ಹೆಚ್ಚುಕಡಿಮೆ ಎರಡೂವರೆ ಲಕ್ಷ ಡಾಲರಿಗೆ ಹೋದವು. ಪಕ್ಕದ ಮನೆಯ ಅಟ್ಟದ ಮೇಲೆ ಅದೇ ಅಚ್ಚಿನ, ಅದೇ ಬಣ್ಣದ ಜಾಡಿ ಕವಡೆ ಕಾಸಿಗೆ ಬಿದ್ದಿತ್ತು. ಹಾಗಾದರೆ ಹಣ ಕೊಟ್ಟವರು ಕೊಂಡದ್ದೇನು? ಮಣ್ಣನ್ನಲ್ಲ, ಈ ಜಾಡಿ ಇಂಥವನ ಮನೆಯಲ್ಲಿತ್ತು ಎಂಬ ಮಾತನ್ನು. ಸಂಗ್ರಹದ ವ್ಯವಹಾರವೆಲ್ಲ ನಿಂತಿರುವುದು ಈ ಮಾತಿನ ಮೇಲೆ.

ಮಾತಿಗೆ ಬೆಲೆ ಬಂದ ಮೇಲೆ ಸುಳ್ಳು ಮಾತೂ ಹುಟ್ಟುತ್ತದೆ. 1990ರ ದಶಕದಲ್ಲಿ ಮೆಕಾಯ್ ಗುರುತು ಒತ್ತಿದ ಹೊಸ ಜಾಡಿಗಳು ಮಾರುಕಟ್ಟೆಗೆ ಬಂದವು. ಹೆಸರು ಅದೇ, ಕಾರ್ಖಾನೆ ಬೇರೆ. ಸಂಗ್ರಾಹಕರು ಇವನ್ನು ಹಿಡಿದದ್ದು ತಳದ ಮುದ್ರೆ ನೋಡಿ ಅಲ್ಲ, ಅಳತೆಪಟ್ಟಿ ಹಿಡಿದು. ಹಸಿ ಮಣ್ಣು ಒಣಗುವಾಗ, ಬೇಯುವಾಗ ಕುಗ್ಗುತ್ತದೆ. ಸಾಮಾನ್ಯವಾಗಿ ಶೇಕಡ 5ರಿಂದ 12ರಷ್ಟು. ಬೆಂದ ಜಾಡಿಯಿಂದಲೇ ಅಚ್ಚು ತೆಗೆದು ಇನ್ನೊಂದನ್ನು ಹೊಯ್ದರೆ ಅದು ಮೂಲಕ್ಕಿಂತ ಅಷ್ಟು ಗಿಡ್ಡವಾಗಲೇಬೇಕು. ಮೋಸಗಾರ ಮುದ್ರೆಯನ್ನು ಕದ್ದಾನು, ಮಣ್ಣಿನ ಸ್ವಭಾವವನ್ನು ಕದಿಯಲಾರ. ಇನ್ನೊಂದು ಸಂಗತಿಯೂ ಇದೆ. ಕರಿಯ ಹೆಂಗಸನ್ನು ಅಡುಗೆಯ ಆಳಾಗಿ ಅಣಕಿಸುವ ‘ಮ್ಯಾಮಿ’ ಜಾಡಿಗಳೂ ಆ ಕಾಲದಲ್ಲಿ ಧಾರಾಳವಾಗಿ ಬಿಕರಿಯಾದವು. ಅಂದು ತಮಾಷೆಯೆಂದು ಕೊಂಡದ್ದು ಇಂದು ಜನಾಂಗದ್ವೇಷದ ದಾಖಲೆಯಾಗಿ ಉಳಿದಿದೆ. ಅಡುಗೆಮನೆಯ ಪಾತ್ರೆ ತನ್ನ ಕಾಲದ ಬಗ್ಗೆ ಸಾಕ್ಷಿ ನುಡಿಯುತ್ತದೆ, ಮಾಡಿದವನಿಗೆ ಆ ಉದ್ದೇಶ ಇಲ್ಲದಿದ್ದರೂ.

ನಮ್ಮ ಕಡೆಗೆ ಬರೋಣ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಳೆಯ ಮನೆಗಳಲ್ಲಿ ಕುಕೀ ಜಾಡಿಯ ಜಾಗದಲ್ಲಿ ಕೂತಿರುವುದು ಉಪ್ಪಿನಕಾಯಿ ಭರಣಿ. ಭುಜದವರೆಗೆ ಕಂದು, ಕೆಳಗೆ ಹಾಲುಬಣ್ಣ, ಕುತ್ತಿಗೆಯ ಸುತ್ತ ಬಟ್ಟೆ ಕಟ್ಟಲು ಒಂದು ಏಣು. ಇದು ನಮ್ಮ ಕುಂಬಾರನ ಕೈಯದಲ್ಲ. ಊರ ಆವಿಗೆಯಲ್ಲಿ ಸೌದೆ, ಕುಳ್ಳು, ಹುಲ್ಲು ಹಾಕಿ ಸುಟ್ಟರೆ ಶಾಖ 800, 900 ಡಿಗ್ರಿಯ ಆಚೀಚೆ ನಿಲ್ಲುತ್ತದೆ. ಭರಣಿಯ ಮಣ್ಣು ಕಲ್ಲಿನಂತಾಗಲು 1200 ಡಿಗ್ರಿ ಬೇಕು. ಅದಕ್ಕೆ ಚಿಮಣಿಯ ಒಲೆಯುಳ್ಳ ಕಾರ್ಖಾನೆಯೇ ಆಗಬೇಕು. ತಮಿಳುನಾಡಿನ ರಾಣಿಪೇಟೆ, ಉತ್ತರಪ್ರದೇಶದ ಚುನಾರ್, ಖುರ್ಜಾ ಇಂಥ ಸಾಮಾನಿಗೆ ಹೆಸರಾದ ಊರುಗಳು. ಹೆಣ್ಣುಮಕ್ಕಳು ಈ ಪರದೇಶಿಯನ್ನು ಒಪ್ಪಿಕೊಂಡದ್ದಕ್ಕೆ ಗಟ್ಟಿ ಕಾರಣವಿತ್ತು. ಕೆಂಪು ಗಡಿಗೆಯ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳು. ನೀರು ಅವುಗಳಿಂದ ಜಿನುಗಿ ಆವಿಯಾಗುವಾಗ ಒಳಗಿನ ಶಾಖವನ್ನು ಎಳೆದೊಯ್ಯುತ್ತದೆ, ಆದ್ದರಿಂದಲೇ ವೈಶಾಖದಲ್ಲೂ ಹರವಿಯ ನೀರು ತಣ್ಣಗೆ. ಆದರೆ ಅದೇ ಗಡಿಗೆಗೆ ಮಾವಿನಕಾಯಿ ಉಪ್ಪು ತುಂಬಿದರೆ ಉಪ್ಪುನೀರು ರಂಧ್ರಗಳಲ್ಲಿ ಇಳಿದು, ಒಣಗಿ, ಹರಳುಗಟ್ಟಿ, ಗಡಿಗೆಯ ಹೊರಮೈಯನ್ನು ಪದರುಪದರಾಗಿ ಉದುರಿಸುತ್ತದೆ. ಹಿತ್ತಾಳೆ ತಾಮ್ರಕ್ಕೆ ಹುಳಿ ಆಗದು, ಕಲಾಯಿ ಹಾಕಿಸಿದರೂ ಬಹಳ ದಿನ ತಾಳದು. ಗಾಜಿನಂಥ ಹೊಳಪಿನ ಭರಣಿಗೆ ಉಪ್ಪೂ ಹುಳಿಯೂ ತಾಗುವುದಿಲ್ಲ. ಹೀಗಾಗಿ ಭರಣಿಗೆ ಮಡಿ ಸಿಕ್ಕಿತು, ಬೀಗ ಹಾಕುವ ಕೋಣೆ ಸಿಕ್ಕಿತು, ಅತ್ತೆಯಿಂದ ಸೊಸೆಗೆ ಹೋಗುವ ಗೌರವವೂ ಸಿಕ್ಕಿತು. ಇವತ್ತು ಬೆಂಗಳೂರಿನ ಮನೆಗಳಲ್ಲಿ ಅದರೊಳಗೆ ಒಣಹೂವಿನ ಕಡ್ಡಿ ನಿಂತಿದ್ದರೆ ಆಶ್ಚರ್ಯವಿಲ್ಲ. ಅದನ್ನು ಉಳಿಸಿ ಎಂದು ಯಾರೂ ಯಾರಿಗೂ ಹೇಳಬೇಕಾಗಿಲ್ಲ. ಗಟ್ಟಿ ಮೈ, ಒಳ್ಳೆ ಬಣ್ಣ, ಕೊಳ್ಳುವ ಗಿರಾಕಿ, ಮೂರೂ ಇವೆ.

ಚಿಂತೆ ಇರುವುದು ಕೆಂಪು, ಕರಿ ಗಡಿಗೆಗಳದ್ದು. ‘ಮಣ್ಣಿನ ಮಡಕೆ’ ಎಂದು ಈಗ ನಾವು ಒಂದೇ ಮಾತಿನಲ್ಲಿ ಮುಗಿಸಿಬಿಡುವ ವಸ್ತುವಿಗೆ ಉತ್ತರ ಕರ್ನಾಟಕದ ಹಿರಿಯರ ಬಾಯಲ್ಲಿ ಎಷ್ಟು ಹೆಸರು! ಬಾಯಿ ಅಗಲದ ನೀರಿನ ಹರವಿ, ಮನೆಯ ಮೂಲೆಯಲ್ಲಿ ಅರ್ಧ ಹೂತು ಕೂರುವ ರಂಜಣಗಿ, ಹೊಲಕ್ಕೆ ಹೆಗಲಲ್ಲಿ ಒಯ್ಯುವ ತತ್ರಾಣಿ, ಕಾಳು ತುಂಬುವ ಗುಡಾಣ, ಅದಕ್ಕೂ ದೊಡ್ಡ ವಾಡೇವು, ನೆಲುವಿನಲ್ಲಿ ತೂಗುವ ಮೊಸರಿನ ಗಡಿಗೆ, ಅದರ ಮೇಲೊಂದು ಮಗಿ, ರೊಟ್ಟಿಯ ಹಂಚು, ದನಕ್ಕೆ ಕಲಗಚ್ಚು ಇಡುವ ಬಾನಿ, ಮದುವೆಯಲ್ಲಿ ಕುಂಬಾರರ ಮನೆಯಿಂದ ತರುವ ಐರಾಣಿ. ಒಂದೊಂದರ ಬಾಯಿ, ಕೊರಳು, ತಳ ಬೇರೆ, ಯಾಕೆಂದರೆ ಒಂದೊಂದರ ಕೆಲಸ ಬೇರೆ. ತತ್ರಾಣಿಯ ಕೊರಳು ಸಪೂರ, ನಡೆಯುವಾಗ ನೀರು ತುಳುಕಬಾರದು. ಹರವಿಯ ತಳ ದುಂಡಗೆ, ಸಿಂಬಿಯ ಮೇಲೆ ಅಲುಗದೆ ಕೂರಬೇಕು, ತಲೆಯ ಮೇಲೂ ನೆಲದ ಮೇಲೂ. ಆ ದುಂಡುತಳ ತಿಗರಿಯ ಮೇಲೆ ಆಗುವುದೂ ಅಲ್ಲ. ತಿಗರಿಯಿಂದ ಕೊಯ್ದಿಳಿಸುವಾಗ ಗಡಿಗೆಯ ತಳ ದಪ್ಪ, ಕೆಲವೊಮ್ಮೆ ತೆರೆದೇ ಇರುತ್ತದೆ. ಅರೆ ಒಣಗಿದ ಮೇಲೆ ಒಳಗೊಂದು ಕಲ್ಲಿನ ಗುಂಡು ಹಿಡಿದು, ಹೊರಗಿನಿಂದ ಮರದ ಹಲಗೆಯಿಂದ ಬಡಿಬಡಿದು ಮಣ್ಣನ್ನು ತೆಳುಮಾಡಿ ತಳವನ್ನು ಕೂಡಿಸುತ್ತಾರೆ. ಹಳೆಯ ಗಡಿಗೆಯೊಂದನ್ನು ಬೆಳಕಿಗೆ ಓರೆಯಾಗಿ ಹಿಡಿದು ಒಳಗೆ ಬೆರಳಾಡಿಸಿ: ಸಾಲುಸಾಲಾಗಿ ಸಣ್ಣ ತಗ್ಗುಗಳು ಸಿಗುತ್ತವೆ. ಆ ತಗ್ಗುಗಳೇ ಗುಂಡು ಹಿಡಿದ ಕೈಯ ಗುರುತು. ಹೆಸರು ಕೆತ್ತದ ಕುಂಬಾರನ ಸಹಿ ಅಂದರೆ ಅಷ್ಟೇ.

ಇವು ಹೋದದ್ದು ಒಂದೇ ಏಟಿಗಲ್ಲ. ಅಲ್ಯೂಮಿನಿಯಂ ಬಂದು ಅಡುಗೆಯ ಗಡಿಗೆಯನ್ನು, ಸ್ಟೀಲು ಬಂದು ಮೊಸರಿನ ಗಡಿಗೆಯನ್ನು, ಪ್ಲಾಸ್ಟಿಕ್ ಕೊಡ ಬಂದು ಹರವಿಯನ್ನು ಹೊರಗೆ ಹಾಕಿದವು. ಗಂಗಾವತಿ ಕಡೆ ಇನ್ನೊಂದು ಕಾರಣವೂ ಕೂಡಿತು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಬಂತು, ಜೋಳದ ನೆಲ ಭತ್ತದ ಕಣಜವಾಯಿತು. ವರ್ಷದ ಕಾಳನ್ನು ಮನೆಯಲ್ಲೇ ಹಗೇವಿಗೋ ವಾಡೇವಿಗೋ ತುಂಬಿಡುತ್ತಿದ್ದ ರೈತ, ಭತ್ತವನ್ನು ಚೀಲದಲ್ಲಿ ಅಕ್ಕಿ ಗಿರಣಿಗೆ ಸಾಗಿಸುವವನಾದ. ಚೀಲಕ್ಕೆ ವಾಡೇವು ಯಾಕೆ? ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾ ಕಡೆ, ಬರದ ಭಯ ಇದ್ದಷ್ಟು ದಿನ ಮನೆಯಲ್ಲಿ ಕಾಳು ಕೂಡಿಡುವ ರೂಢಿಯೂ ಇರಲೇಬೇಕಿತ್ತು. ಒಂದು ಪಾತ್ರೆಯ ಹೆಸರು ಎಲ್ಲಿ ಇನ್ನೂ ಬಾಯಲ್ಲಿದೆ, ಎಲ್ಲಿ ಮರೆತಿದೆ ಎಂದು ಊರೂರಿಗೆ ಗುರುತು ಹಾಕಿದರೆ ಅದು ನೀರಾವರಿಯ ನಕಾಶೆಗೆ ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬುದು ಯಾರಾದರೂ ವಿದ್ಯಾರ್ಥಿ ಕೈಗೆತ್ತಿಕೊಳ್ಳಬೇಕಾದ ಪ್ರಶ್ನೆ. ಹೇಳುವ ಬಾಯಿಗಳು ಇರುವಾಗಲೇ ಕೈಗೆತ್ತಿಕೊಳ್ಳಬೇಕು.

ಗಡಿಗೆಗಳನ್ನು ಎತ್ತಿಡಬೇಕೆಂಬ ವಾದಕ್ಕೆ ಮೊದಲ ಆಕ್ಷೇಪ ನಮ್ಮ ಸಂಸ್ಕೃತಿಯೊಳಗಿನಿಂದಲೇ ಬರುತ್ತದೆ, ಅದು ಹಗುರವಾದದ್ದೂ ಅಲ್ಲ. ಮಣ್ಣು ಒಡೆಯಲೆಂದೇ ಇರುವುದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದವರು ನಾವೇ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿ ಪೂಜಿಸಿ ನೀರಿಗೆ ಬಿಡುತ್ತೇವೆ. ಭಾದ್ರಪದದಲ್ಲಿ ಬುಟ್ಟಿಯಲ್ಲಿ ಕೂತು ಮನೆಮನೆಗೆ ಬರುವ ಜೋಕುಮಾರನದೂ ಕೆಲವೇ ದಿನದ ಆಯುಷ್ಯ. ಸಾವಿನ ಮನೆಯಲ್ಲಿ ಗಡಿಗೆ ಒಡೆಯುವುದೇ ಶಾಸ್ತ್ರ. ವರ್ಷಕ್ಕೊಮ್ಮೆ ಹೊಸದು ಬರುತ್ತದೆ ಎಂಬ ಭರವಸೆಯ ಮೇಲೆ ಹಳೆಯದನ್ನು ಸಂತೋಷವಾಗಿ ಕಳೆದುಕೊಳ್ಳುವ ಈ ನಡೆಗೆ, ಒಂದೇ ಗಡಿಗೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಯುವುದು ಅಪಚಾರವಲ್ಲವೇ? ಆವಿಗೆ ಉರಿಯುತ್ತಿರುವ ತನಕ ಈ ಮಾತು ಪೂರಾ ಸರಿ. ಒಡೆದದ್ದರ ಜಾಗಕ್ಕೆ ಅಂಥದೇ ಇನ್ನೊಂದು ಬರುತ್ತಿದ್ದಾಗ ನಾವು ಉಳಿಸಿಕೊಳ್ಳುತ್ತಿದ್ದುದು ಗಡಿಗೆಯನ್ನಲ್ಲ, ಗಡಿಗೆ ಮಾಡುವ ವಿದ್ಯೆಯನ್ನು. ಈಗ ತತ್ರಾಣಿ ಒಡೆದರೆ ಅದರ ಜಾಗಕ್ಕೆ ಬರುವುದು ಪ್ಲಾಸ್ಟಿಕ್ ಬಾಟಲಿ. ಒಡೆಯುವ ಹಕ್ಕು ಇದ್ದದ್ದು ಮತ್ತೆ ಮಾಡುವವನು ಇದ್ದಾನೆಂಬ ಧೈರ್ಯದಿಂದ; ಆ ಧೈರ್ಯ ಹೋದ ಮೇಲೆ ಹಕ್ಕಿನ ಮಾತು ಆಡುವುದು ಸೋಮಾರಿತನಕ್ಕೆ ಶಾಸ್ತ್ರದ ಹೊದಿಕೆ ಹಾಕಿದಂತೆ.

ಒಡೆದ ಮಣ್ಣು ಬೆಲೆಯಿಲ್ಲದ್ದು ಎಂಬ ಮಾತನ್ನಂತೂ ಕೊಪ್ಪಳ ಜಿಲ್ಲೆಯ ನೆಲವೇ ಒಪ್ಪುವುದಿಲ್ಲ. ಗಂಗಾವತಿ ತಾಲೂಕಿನ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ಚಪ್ಪಡಿ ನಿಲ್ಲಿಸಿ ಕಟ್ಟಿದ ನೂರಾರು ಶಿಲಾಸಮಾಧಿಗಳಿವೆ. ಮೋರೇರ ಮನೆಗಳು ಎನ್ನುತ್ತಾರೆ ಸುತ್ತಲಿನವರು. 2021ರಲ್ಲಿ ಯುನೆಸ್ಕೊ ತಾತ್ಕಾಲಿಕ ಪಟ್ಟಿಗೂ ಸೇರಿದ ತಾಣ. ಅದನ್ನು ಕಟ್ಟಿದವರು ಬರೆದಿಟ್ಟು ಹೋದದ್ದು ಏನೂ ಇಲ್ಲ. ದಕ್ಷಿಣದ ಆ ಕಬ್ಬಿಣ ಯುಗದ ಜನರನ್ನು ಗುರುತಿಸುವುದು ಒಳಗೆ ಕಪ್ಪು, ಹೊರಗೆ ಕೆಂಪು ಇರುವ ಅವರ ಮಡಕೆಯಿಂದ. ಗಡಿಗೆಯನ್ನು ಬೋರಲು ಹಾಕಿ ಸುಟ್ಟರೆ ಗಾಳಿ ಸಿಗದ ಒಳಮೈ ಕಪ್ಪಾಗುತ್ತದೆ, ಗಾಳಿ ತಾಗಿದ ಹೊರಮೈ ಕೆಂಪಾಗುತ್ತದೆ. ಅದೇ ತಾಲೂಕಿನ ಕಡೇಬಾಕೆಲೆಯಲ್ಲಿ ಈ ಶತಮಾನದ ಮೊದಲ ದಶಕದಲ್ಲಿ ನಡೆದ ಉತ್ಖನನದ ಮುಖ್ಯಸ್ಥರಲ್ಲಿ ಒಬ್ಬರಾದ ಕಾರ್ಲಾ ಸಿನೊಪೊಲಿ, ಅದಕ್ಕೆ ಮುಂಚೆ ಹೊಳೆಯಾಚೆಯ ಹಂಪಿಯಲ್ಲಿ ವಿಜಯನಗರದ ಶ್ರೀಮಂತರ ಕೇರಿಯ ಮಡಕೆ ಚೂರುಗಳ ಮೇಲೆಯೇ 1993ರಲ್ಲಿ ಒಂದು ಇಡೀ ಪುಸ್ತಕ ಬರೆದಿದ್ದರು. ಮುತ್ತು ರತ್ನದ ವರ್ಣನೆ ಬರೆದಿಟ್ಟ ಪ್ರವಾಸಿಗರಿಗೆ ಆ ಮನೆಗಳ ಅಡುಗೆಯ ಗಡಿಗೆ ಕಾಣಲಿಲ್ಲ. ಚೂರು ಎಣಿಸಿದವರಿಗೆ ಕಂಡಿತು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಕತೆ ಇನ್ನೂ ಸ್ವಾರಸ್ಯ. ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ 1945ರಲ್ಲಿ ಮಾರ್ಟಿಮರ್ ವೀಲರ್‌ಗೆ, ಕಾಲ ಖಚಿತವಾಗಿ ಗೊತ್ತಿದ್ದ ರೋಮನ್ ಸಾಮಾನಿನ ಜೊತೆಗೆ, ಗೆರೆಗಳ ಸುತ್ತು ಇರುವ ಒಂದು ಬಗೆಯ ತಟ್ಟೆ ಸಿಕ್ಕಿತು. 1947ರಲ್ಲಿ ಬ್ರಹ್ಮಗಿರಿಯಲ್ಲಿ ಅಗೆದಾಗ ಅದೇ ಬಗೆಯ ಚೂರು ಕಂಡಿತು. ದಕ್ಷಿಣದ ಪ್ರಾಚೀನ ಕಾಲಗಣನೆಗೆ ಆಸರೆಯಾದದ್ದು ಅಂಗೈಯಗಲದ ಆ ಚೂರು. ಗಮನಿಸಬೇಕಾದ್ದೆಂದರೆ ಚೂರು ಒಂಟಿಯಾಗಿ ಸಿಕ್ಕಿದ್ದರೆ ಏನೂ ಹೇಳುತ್ತಿರಲಿಲ್ಲ. ಯಾವ ಪದರದಲ್ಲಿ, ಯಾವುದರ ಜೊತೆ ಸಿಕ್ಕಿತು ಎಂಬುದು ಬರೆದಿದ್ದರಿಂದ ಅದು ಮಾತಾಡಿತು.

ಇಲ್ಲೇ ಎರಡನೆಯ ಆಕ್ಷೇಪಕ್ಕೂ ಉತ್ತರದ ಅರ್ಧ ಸಿಗುತ್ತದೆ. ಸಂಗ್ರಹದ ಹುಚ್ಚು ಹಬ್ಬಿದರೆ ದಲ್ಲಾಳಿಗಳು ಹಳ್ಳಿ ಹೊಕ್ಕು ಮನೆ ಬರಿದು ಮಾಡುತ್ತಾರೆ, ಹಿರೇಬೆಣಕಲ್ಲಿನಂಥ ಕಡೆ ಹಾರೆ ಹಿಡಿದು ಹೋಗುತ್ತಾರೆ ಎಂಬ ಭಯ ನಿಜವಾದದ್ದೇ. ನಿಧಿಯಾಸೆಗೆ ಅಗೆದ ಗುಂಡಿಗಳನ್ನು ನಮ್ಮ ಹಳೆಯ ಗುಡಿಗಳು ಬೇಕಾದಷ್ಟು ನೋಡಿವೆ. ಪ್ರಾಚೀನ ನೆಲೆಯ ಒಂದು ಚೂರನ್ನೂ ಜೇಬಿಗೆ ಹಾಕಬಾರದು, ಇದರಲ್ಲಿ ರಿಯಾಯಿತಿ ಇಲ್ಲ. 100 ವರ್ಷ ದಾಟಿದ ಕಲಾವಸ್ತುಗಳ ವ್ಯಾಪಾರಕ್ಕೆ, ಹೊರದೇಶಕ್ಕೆ ಸಾಗಿಸುವುದಕ್ಕೆ 1972ರ ಪುರಾವಸ್ತು ಕಾಯ್ದೆ ಕಟ್ಟುಪಾಡು ಹಾಕಿದೆ. ಆದರೆ ಈ ಲೇಖನ ಕೇಳುತ್ತಿರುವುದು ನೆಲದೊಳಗಿನದನ್ನಲ್ಲ, ಅಟ್ಟದ ಮೇಲಿನದನ್ನು. ಅದೂ ಮನೆಯಿಂದ ಎತ್ತಿಕೊಂಡು ಹೋಗುವುದನ್ನಲ್ಲ, ಮನೆಯಲ್ಲೇ ಬರೆದಿಡುವುದನ್ನು. ದಲ್ಲಾಳಿ ಹಳ್ಳಿಯ ಹರವಿಯನ್ನು ನಗರಕ್ಕೆ ತಂದಾಗ ಅದು ಯಾವ ಊರು, ಯಾರ ಕೈ, ಯಾವ ಕೆಲಸ ಎಂಬ ಮೂರೂ ದಾರಿಯಲ್ಲಿ ಉದುರಿ ಹೋಗಿರುತ್ತವೆ. ಉಳಿಯುವುದು ‘ಹಳೆ ಮಡಕೆ’. ಇಲ್ಲಿ ಅಳತೆಪಟ್ಟಿಯೂ ಕೆಲಸಕ್ಕೆ ಬಾರದು, ಅಚ್ಚಿಲ್ಲದ ಕೈಕೆಲಸಕ್ಕೆ ಹೋಲಿಸಲು ಮೂಲವೇ ಇಲ್ಲ. ಹೊಸ ಗಡಿಗೆಗೆ ಹೊಗೆ ಹಿಡಿಸಿ ಹಳೆಯದೆಂದು ಮಾರಿದರೆ ಹೇಳುವವರು ಯಾರು? ನಮ್ಮ ಗಡಿಗೆಯ ಬೆಲೆ ಪೂರ್ತಿ ಅದರ ಮಾತಿನಲ್ಲೇ ಇದೆ, ಮಾತು ಕಳೆದ ಮೇಲೆ ಅದು ನಿಜಕ್ಕೂ ಬರಿ ಮಣ್ಣು.

ವಸ್ತುಸಂಗ್ರಹಾಲಯಗಳು ಇವೆಯಲ್ಲ ಎನ್ನಬಹುದು. ಇವೆ. ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯ, ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ, ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೆ ಮನೆಗಳನ್ನೇ ಬಿಚ್ಚಿ ತಂದು ನಿಲ್ಲಿಸಿದ ಪಾರಂಪರಿಕ ಗ್ರಾಮ, ಎಲ್ಲವೂ ದೊಡ್ಡ ಕೆಲಸ. ಆದರೆ ಮೂರೂ ನಮ್ಮಿಂದ ದೂರ. ಕುಷ್ಟಗಿಯ ಶಾಲೆಯ ಹುಡುಗಿಗೆ ತನ್ನ ಅಜ್ಜಿಯ ತತ್ರಾಣಿ ನೋಡಲು ರಾಮನಗರಕ್ಕೆ ಹೋಗಬೇಕೆಂದರೆ ಅದು ಸಾಲಾರ್ ಜಂಗ್ ಕತೆಯೇ ಮತ್ತೊಮ್ಮೆ.

ಕೊನೆಯ ಆಕ್ಷೇಪ ನನಗೆ ಎಲ್ಲಕ್ಕಿಂತ ತೂಕದ್ದಾಗಿ ಕಾಣುತ್ತದೆ: ಸತ್ತ ಗಡಿಗೆಯನ್ನು ಸಾಕುವ ಬದಲು ಬದುಕಿರುವ ಕುಂಬಾರನಿಂದ ಹೊಸದು ಕೊಳ್ಳಿ. ಕೊಳ್ಳಲೇಬೇಕು. ಬೇಸಿಗೆಗೊಂದು ಹರವಿ, ದೀಪಾವಳಿಗೆ ಪಣತಿ ಕೊಳ್ಳುವುದಕ್ಕೆ ಲೇಖನ ಓದಬೇಕಾಗಿಯೂ ಇಲ್ಲ. ಆದರೆ ಪಣತಿ, ಹರವಿ ಮಾತ್ರ ಕೇಳಿದರೆ ಕುಂಬಾರ ಅವೆರಡನ್ನೇ ಮಾಡುತ್ತಾನೆ. ಮಗನಿಗೂ ಅವೆರಡನ್ನೇ ಕಲಿಸುತ್ತಾನೆ. ತತ್ರಾಣಿ ಬೇಕೆಂದು ಯಾರಾದರೂ ನಾಳೆ ಕೇಳಿದರೆ ಕೊರಳಿನ ಅಳತೆ ಯಾರು ಹೇಳಬೇಕು? ಹಳೆಯದೊಂದು ಮುಂದಿದ್ದರೆ ಅದೇ ಪಾಠ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇದೆ. ಕಲಿಸುವವರಿಗೂ ಮಾದರಿ ಬೇಕು. ನಮ್ಮ ಜಿಲ್ಲೆಯಲ್ಲೇ ಹೋಲಿಸಿ ನೋಡಲು ಒಂದು ಉದಾಹರಣೆ ಇದೆ. ಕೊಪ್ಪಳ ತಾಲೂಕಿನ ಕಿನ್ನಾಳದ ಚಿತ್ರಗಾರರ ಮರದ ಗೊಂಬೆಗಳಿಗೆ ಊರಿನ ಹೆಸರು ಅಂಟಿಕೊಂಡಿದೆ, ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಕೊಳ್ಳುವವನು ‘ಕಿನ್ನಾಳದ್ದು’ ಎಂದು ಕೇಳಿಯೇ ಕೊಳ್ಳುತ್ತಾನೆ. ಅದೇ ಸೀಮೆಯ ಕುಂಬಾರನ ಹರವಿಗೆ ಊರೂ ಇಲ್ಲ, ಹೆಸರೂ ಇಲ್ಲ. ಹೊಳೆಯಾಚೆಯ ಹಂಪಿಯ ಹರಿಹರ ಕವಿ ಕುಂಬಾರ ಗುಂಡಯ್ಯನ ಮೇಲೆ ಒಂದು ರಗಳೆಯನ್ನೇ ಬರೆದ. ಗಡಿಗೆ ಬಾರಿಸಿದ ನಾದಕ್ಕೆ ಶಿವನೇ ಕುಣಿದ ಕತೆ ಅದು. ಕಾವ್ಯ ಕೊಟ್ಟ ಜಾಗವನ್ನು ನಮ್ಮ ದಫ್ತರಗಳು ಇನ್ನೂ ಕೊಟ್ಟಿಲ್ಲ.

ಮಾಡಬೇಕಾದ ಕೆಲಸ ದೊಡ್ಡದೇನಲ್ಲ, ಹಣದ್ದಂತೂ ಅಲ್ಲ. ಒಂದು ಪ್ರೌಢಶಾಲೆ, ಒಂದು ಗ್ರಂಥಾಲಯದ ಮೂಲೆ, ಹತ್ತಿಪ್ಪತ್ತು ಪಾತ್ರೆ ಸಾಕು. ಪಾತ್ರೆ ಸಿಗದಿದ್ದರೆ ಅಳತೆ ತೆಗೆದು ಬಿಡಿಸಿದ ಚಿತ್ರವಾದರೂ ಆದೀತು. ಇಡುವವರು ಮಾತ್ರ ಮಣ್ಣನ್ನು ತೊಳೆದು ತಿಕ್ಕಿ ಹೊಳಪು ಕೊಡಲು ಹೋಗಬಾರದು: ತಳದ ಮಸಿ ಒಲೆಯ ಕತೆ ಹೇಳುತ್ತದೆ, ಒಳಗಿನ ಜಿಡ್ಡು ಹಾಲಿನದೋ ಎಣ್ಣೆಯದೋ ಎಂದು ತಿಳಿಸುತ್ತದೆ, ಕೊರಳಿನ ಸವೆತ ನೆಲುವಿನ ಹಗ್ಗದ್ದು. ಬಿರುಕಿಗೆ ಸಿಮೆಂಟು ಮೆತ್ತುವುದೂ ಬೇಡ.

ಮುಂದಿನ ಹಬ್ಬಕ್ಕೆ ಅಟ್ಟ ಗುಡಿಸುವಾಗ ಮೂಲೆಯಲ್ಲಿ ಗಡಿಗೆಯೊಂದು ಸಿಕ್ಕರೆ, ಹೊರಗೆ ಎಸೆಯುವ ಮುಂಚೆ ಮನೆಯ ಹಿರಿಯ ಹೆಣ್ಣುಮಗಳ ಮುಂದೆ ಇಡಿ. ಅದರ ಹೆಸರೇನು, ಏನು ತುಂಬುತ್ತಿದ್ದರು, ಯಾವ ಊರ ಕುಂಬಾರರದ್ದು, ಯಾವ ಸಂತೆಯಲ್ಲಿ, ದುಡ್ಡಿಗೋ ಕಾಳಿಗೋ ಕೊಂಡದ್ದು ಎಂದು ಕೇಳಿ. ಹೇಳಿದ್ದನ್ನು ಅವರ ಮಾತಿನಲ್ಲೇ, ಪೆನ್ಸಿಲಿನಲ್ಲಿ, ಒಂದು ಚೀಟಿಯ ಮೇಲೆ ಬರೆದು ಗಡಿಗೆಯೊಳಗೆ ಹಾಕಿಡಿ. ಶಾಯಿ ಬೇಡ, ತೇವಕ್ಕೆ ಹರಡುತ್ತದೆ.